ಕೋಳಿ ಕಾಲು, ಹಳೇ ಡೈ

ಭಾನುವಾರ ಬೆಳಗ್ಗೆ ಏಳೂವರೆಗೆ ನಂದಿನಿ ಲೇಔಟಿನ ಕೋಳಿ ಅಂಗಡಿ ಮುಂದೆ ನಿಂತಿದ್ದೆ. ನಾಟಿ ಕೋಳಿ, ಒಂದೂವರೆ ಕೆಜಿ. ಹುಡುಗ ಕಾಲು ಕತ್ತರಿಸಿ ಪಕ್ಕದ ಡ್ರಮ್ಮಿಗೆ ಎಸೆಯೋಕೆ ಹೋದ. "ತಮ್ಮಾ, ಅದನ್ನೂ ಹಾಕು" ಅಂದೆ. "ಸೂಪಿಗಾ ಅಣ್ಣ?" ಅಂದ. ಹೂಂ ಅಂದುಬಿಟ್ಟೆ. ನಿಜ ಹೇಳಿದ್ದರೆ ಕ್ಯೂನಲ್ಲಿದ್ದವರು ನನ್ನಿಂದ ಒಂದು ಹೆಜ್ಜೆ ದೂರ ಸರೀತಿದ್ರು.

ನಿಜ ಏನಂದ್ರೆ, ಗುರುವಾರ ಊಟದ ಹೊತ್ತಲ್ಲಿ ಆದ ಒಂದು ವಾದ. ಪೀಣ್ಯದ ಒಂದು ಟೂಲ್ ರೂಮಿನಲ್ಲಿ 22 ವರ್ಷದಿಂದ ಕೆಲಸ ಮಾಡ್ತಿದೀನಿ. ಗ್ರೈಂಡಿಂಗ್ ಸೆಕ್ಷನ್ನಿನ ಗೆಳೆಯ ಮೊಬೈಲಲ್ಲಿ ಒಂದು ಬೊಂಬೆಯ ಫೋಟೋ ತೋರಿಸಿದ. ಹಸಿರು ಚರ್ಮ, ದೊಡ್ಡ ಕಣ್ಣು, ಕೈಗೆ ಮೂರೇ ಬೆರಳು, ನಮ್ಮ ಹಾಗೆ ನೆಟ್ಟಗೆ ನಿಂತ ಡೈನೋಸಾರ್. "6.6 ಕೋಟಿ ವರ್ಷದ ಹಿಂದೆ ಡೈನೋಸಾರ್ ಕುಲವನ್ನ ಮುಗಿಸಿದ ಆ ಆಕಾಶದ ಕಲ್ಲು ಬೀಳದೇ ಇದ್ದಿದ್ರೆ ಈ ಲೇತ್ ಮುಂದೆ ಇವನು ನಿಂತಿರ್ತಿದ್ದ, ನೀನಲ್ಲ" ಅಂದ.

ಆ ಬೊಂಬೆ ಮಾಡಿಸಿದ್ದು ಕೆನಡಾದ ವಿಜ್ಞಾನಿ ಡೇಲ್ ರಸೆಲ್, 1982ರಲ್ಲಿ. ಸ್ಟೆನೊನೈಕೊಸಾರಸ್ ಅನ್ನೋ ಚಿಕ್ಕ ಡೈನೋಸಾರಿಗೆ ಮೈಗೆ ಹೋಲಿಸಿದರೆ ಮಿದುಳು ದೊಡ್ಡದು. ಅದು ಬೆಳೀತಾನೇ ಹೋಗಿದ್ದರೆ ಕೊನೆಗೆ ಏನಾಗ್ತಿತ್ತು ಅಂತ ಅವರು ಕೇಳಿಕೊಂಡ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ. ಉತ್ತರದಲ್ಲಿ ಪುಕ್ಕ ಇಲ್ಲ, ಬಾಲಾನೂ ಇಲ್ಲ. ಪುಕ್ಕ ಬಿಟ್ಟಿದ್ದಕ್ಕೆ ಬಯ್ಯೋ ಹಾಗಿಲ್ಲ. ಚೀನಾದ ಲಿಯಾವೊನಿಂಗ್‌ನಲ್ಲಿ ಮೈಮೇಲೆ ತುಪ್ಪಳದ ಗುರುತಿದ್ದ ಸೈನೊಸಾರಾಪ್ಟೆರಿಕ್ಸ್ ಅನ್ನೋ ಡೈನೋಸಾರ್ ಲೋಕಕ್ಕೆ ಗೊತ್ತಾಗಿದ್ದೇ 1996ರಲ್ಲಿ. ಆಮೇಲೆ 2012ರಲ್ಲಿ ಯುಟಿರಾನಸ್ ಬಂತು: ಸುಮಾರು 9 ಮೀಟರ್ ಉದ್ದ, ಒಂದೂವರೆ ಟನ್ ಹತ್ತಿರ ತೂಕ, ಆದರೂ ಪುಕ್ಕ! ಅಷ್ಟು ದೊಡ್ಡ ಮೈಗೆ ಪುಕ್ಕ ಹಾರೋಕಲ್ಲ, ಬೆಚ್ಚಗಿರೋಕೆ ಇರಬೇಕು.

ಬಾಲ ತೆಗೆದಿದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಎರಡು ಕಾಲಿನ ಡೈನೋಸಾರ್ ಅಂದ್ರೆ ತಕ್ಕಡಿ. ಮುಂದೆ ತಲೆ, ಎದೆ, ಹಿಂದೆ ಬಾಲ, ನಡುವೆ ಸೊಂಟ. ನಮ್ಮ ಕ್ರೇನಿನ ಕೌಂಟರ್‌ವೇಟ್ ಲೆಕ್ಕವೇ ಇದು. ಕೌಂಟರ್‌ವೇಟ್ ಬಿಚ್ಚಿದರೆ ಕ್ರೇನು ತಾನಾಗಿ ಲೈಟ್ ಕಂಬ ಆಗಲ್ಲ, ಮುಂದಕ್ಕೆ ಮುಗ್ಗರಿಸುತ್ತೆ. ಡೈನೋಸಾರ್ ವಂಶದಲ್ಲೇ ಹುಟ್ಟಿದ ಹಕ್ಕಿಗಳಲ್ಲಿ ಎಲುಬಿನ ಬಾಲ ಮೋಟಾದಾಗ ಅವು ನೆಟ್ಟಗೆ ನಿಲ್ಲಲಿಲ್ಲ, ತೊಡೆಯನ್ನ ಮುಂದಕ್ಕೆ ಮಡಚಿ ಕುಕ್ಕರಗಾಲಲ್ಲಿ ನಡೆಯೋಕೆ ಶುರು ಮಾಡಿದವು. ಚಿಲಿ ದೇಶದವರು 2014ರಲ್ಲಿ ಕೋಳಿಮರಿಗಳಿಗೆ ಕೋಲಿನ ಕೃತಕ ಬಾಲ ಕಟ್ಟಿ ಬೆಳೆಸಿ ನೋಡಿದರು. ಅವುಗಳ ತೊಡೆ ಹಿಂದಕ್ಕೆ ಸರಿದು, ನಡಿಗೆ ಹಳೇ ಡೈನೋಸಾರಿನ ನಡಿಗೆಯ ಕಡೆಗೆ ವಾಲಿತು. ಈ ಸುದ್ದಿ ಓದಿದ ದಿನ ಮೆಟ್ರೋದಲ್ಲಿ ಒಬ್ಬನೇ ನಕ್ಕಿದ್ದೆ.

ನಮ್ಮ ಓನರ್ ಹೊಸ ಡೈಗೆ, ಅಂದ್ರೆ ಜಾಬ್ ತೆಗೆಯೋ ಅಚ್ಚಿಗೆ, ದುಡ್ಡು ಬಿಚ್ಚೋದು ಅಪರೂಪ. ಹಳೇದಕ್ಕೇ ಒಂದು ಇನ್ಸರ್ಟ್ ಹಾಕಿ, ಎಲ್ಲೋ ಒಂಚೂರು ಗ್ರೈಂಡ್ ಮಾಡಿ, ಹೊಸ ಜಾಬ್ ತೆಗೀರಿ ಅಂತಾರೆ. ವಿಕಾಸವೂ ಅದೇ ಜಾತಿಯ ಓನರ್. ಬೆಚ್ಚಗಿರೋಕೆ ಬಂದ ಪುಕ್ಕ ಆಮೇಲೆ ಹಾರೋಕೂ ಒದಗಿತು. ಹಾಗಾಗಿ, ಕಲ್ಲು ಬೀಳದಿದ್ದರೆ ಡೈನೋಸಾರ್‌ಗಳಿಂದ ಮನುಷ್ಯನ ಅಚ್ಚು ಬರ್ತಿತ್ತು ಅನ್ನೋದು ನನಗೆ ಬರೀ ಜಂಬ ಅನಿಸುತ್ತೆ.

ಏನು ಬರ್ತಿತ್ತು ಅಂತ ಊಹೆ ಮಾಡೋಕೆ ನ್ಯೂಜಿಲೆಂಡ್ ನೋಡಿದರೆ ಸಾಕು. ಮನುಷ್ಯ ಕಾಲಿಡೋ ಹೊತ್ತಿಗೆ ಆ ನೆಲದಲ್ಲಿ ಬಾವಲಿ ಬಿಟ್ಟರೆ ಬೇರೆ ಸಸ್ತನಿ ಇರಲಿಲ್ಲ. ಉಳಿದ ಕೆಲಸವೆಲ್ಲ ಪುಕ್ಕದವರ ಪಾಲಿಗೆ. ದನ, ಜಿಂಕೆಯ ಹಾಗೆ ಸೊಪ್ಪು ಮೇಯೋದಕ್ಕೆ ಮೋವಾ ಹಕ್ಕಿ. ದೊಡ್ಡ ಜಾತಿಯ ಹೆಣ್ಣು 200 ಕೆಜಿ ದಾಟುತ್ತಿತ್ತು, ರೆಕ್ಕೆಯ ಎಲುಬೂ ಉಳಿದಿರಲಿಲ್ಲ. ಅದನ್ನ ಬೇಟೆಯಾಡೋಕೆ ಹಾಸ್ಟ್ ಹದ್ದು. ರಾತ್ರಿ ನೆಲದಲ್ಲಿ ಮೂಸಿ ಮೂಸಿ ಹುಳ ಹುಡುಕೋ ಮೂಗಿಲಿಯ ಕೆಲಸಕ್ಕೆ ಕಿವಿ ಅನ್ನೋ ಹಕ್ಕಿ. ಕಾಕಪೋ ಅನ್ನೋ ಗಿಳಿಯಂತೂ ಹಾರೋದನ್ನೇ ಬಿಟ್ಟು ರಾತ್ರಿಪಾಳಿ ಹಿಡೀತು. ಎಷ್ಟೊಂದು ಹೊಸ ಜಾಬು, ಎಲ್ಲಾ ಹಳೇ ಡೈನಲ್ಲೇ. ಪಾಪ, ಮನುಷ್ಯ ಹೋದ ಸ್ವಲ್ಪ ಕಾಲಕ್ಕೇ ಮೋವಾಗಳು ಮುಗಿದವು.

ಒಂದು ಕಡೆ ಮಾತ್ರ ಡೈ ಅಡ್ಡ ಬರ್ತಿತ್ತು. ಹಕ್ಕಿಗಳಲ್ಲಿ ಮರಿ ಹಾಕೋ ಜಾತಿ ಒಂದೂ ಇಲ್ಲ, ಎಲ್ಲವೂ ಮೊಟ್ಟೆಯೇ. ಆ ಮೊಟ್ಟೆಗೆ ಗಾಳಿ ಬೇಕು. ಪೆಂಗ್ವಿನ್ ಎಷ್ಟೇ ಈಜಿದರೂ ಮೊಟ್ಟೆಗೆ ದಡಕ್ಕೆ ಬರಲೇಬೇಕು. ಪುಕ್ಕದ ತಿಮಿಂಗಿಲ ಆಗ್ತಿರಲಿಲ್ಲ ಅಂತ ನಾನು ಬಾಜಿ ಕಟ್ಟಬಲ್ಲೆ.

ನಮ್ಮ ಕಡೆ? ಬೆಂಗಳೂರಿನ ಬಂಡೆಗಳು ಡೈನೋಸಾರ್‌ಗಿಂತ ಎಷ್ಟೋ ಹಳೇವು. ಲಾಲ್‌ಬಾಗಿನ ಗುಡ್ಡಕ್ಕೆ ಸುಮಾರು 300 ಕೋಟಿ ವರ್ಷ, ಅದರಲ್ಲಿ ಎಲುಬು ಹುಡುಕಿ ಪ್ರಯೋಜನ ಇಲ್ಲ. ಬೆಳಗಾವಿ ಕಡೆ ಹೋದರೆ ಕಪ್ಪು ಕಲ್ಲು ಸಿಗುತ್ತೆ, ಡೈನೋಸಾರ್ ಕುಲದ ಕೊನೆಗಾಲದಲ್ಲೇ ಉಕ್ಕಿ ಹರಿದ ಲಾವಾ. ಆಗ ಭಾರತ ಸಮುದ್ರದ ನಡುವಿನ ದ್ವೀಪ. ನರ್ಮದೆಯ ಕಡೆ ಸಿಕ್ಕ ಡೈನೋಸಾರ್ ರಾಜಾಸಾರಸ್‌ಗೆ ಪುಕ್ಕ ಇದ್ದ ಗುರುತಿಲ್ಲ. ಅದರ ನೆಂಟ, ದಕ್ಷಿಣ ಅಮೆರಿಕದ ಕಾರ್ನೊಟಾರಸ್‌ನ ಚರ್ಮದ ಅಚ್ಚಲ್ಲಿ ಬರೀ ಹುರುಪೆ. ಕಲ್ಲು ಬೀಳದಿದ್ದರೂ ದ್ವೀಪ ಉತ್ತರಕ್ಕೆ ತೇಲೋದನ್ನ ಯಾರೂ ತಡೀತಿರಲಿಲ್ಲ. ಏಷ್ಯಾಕ್ಕೆ ಬಡಿದ ಮೇಲೆ ತುಪ್ಪಳದವರು ಇಳಿದು ಬರ್ತಿದ್ರು, ಹುರುಪೆಯವರ ಜೊತೆ ಜಾಗಕ್ಕೆ ಜಗಳ ಆಗ್ತಿತ್ತು. ಮೇವಿಗೇನೂ ಬರ ಇರಲಿಲ್ಲ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್ ಲದ್ದಿಯ ಕಲ್ಲಲ್ಲಿ ಹುಲ್ಲಿನ ಗುರುತು ಸಿಕ್ಕಿದೆ ಅಂತ 2005ರಲ್ಲೇ ಬಂತು, ಭತ್ತದ ನೆಂಟ ಹುಲ್ಲೂ ಸೇರಿ. ಅಂದ್ರೆ ಹಿಮಾಲಯದಿಂದ ಇಳಿದ ಯಾವುದೋ ಪುಕ್ಕದ ಮೃಗ ಮಂಡ್ಯದ ಬಯಲಲ್ಲಿ ಹುಲ್ಲು ಮೇಯೋದನ್ನ ನಾನು ಸುಲಭವಾಗಿ ಊಹಿಸಿಕೊಳ್ತೀನಿ. ಗದ್ದೆ ಮಾಡೋರು ಇರ್ತಿರಲಿಲ್ಲ ಅಷ್ಟೆ.

ಕೋಗಿಲೆಯೂ ಇರ್ತಿರಲಿಲ್ಲವೇನೋ. ಇದನ್ನ ಯಾರೂ ಯೋಚಿಸಲ್ಲ. ಆಗ ಕಾಡಿನ ಮರಗಳಲ್ಲಿ ತುಂಬಿದ್ದು ಹಲ್ಲಿದ್ದ ಬೇರೆ ಬಗೆಯ ಹಕ್ಕಿಗಳು. ಕಲ್ಲು ಬಿದ್ದು ಕಾಡು ಸುಟ್ಟು ಕುಸಿದಾಗ ಅವೆಲ್ಲ ಹೋದವು. ನೆಲದ ಮೇಲೆ ಓಡಾಡಿಕೊಂಡು, ಕೊಕ್ಕಲ್ಲಿ ಬೀಜ ಹೆಕ್ಕಿ ತಿನ್ನಬಲ್ಲ ಕೆಲವೇ ಹಕ್ಕಿಗಳು ಉಳಿದವು ಅನ್ನೋದು ಈಗಿನ ವಾದ. ಕಲ್ಲು ಬೀಳದಿದ್ದರೆ ನಮ್ಮ ಬೀದಿಯ ಹೊಂಗೆ ಮರದಲ್ಲಿ ಹಲ್ಲು ಕಿರಿಯೋ ಯಾವುದೋ ಹಕ್ಕಿ ಕೂತು ಬೆಳಗ್ಗೆ ಐದಕ್ಕೇ ಎಬ್ಬಿಸ್ತಿತ್ತು.

ಕಾಲಿನ ವಿಷಯಕ್ಕೆ ಬರ್ತೀನಿ. ಸಾರಿಗೆ ಕೋಳಿ ಹೋಯ್ತು, ಕಾಲು ಫ್ರಿಜ್ಜಿಗೆ ಹೋಯ್ತು. "ರೀ, ಇದೇನಿದು ಹಾಲಿನ ಪಕ್ಕ?" ಅಂತ ನನ್ನವಳು ರಾತ್ರಿ ಕೂಗಾಡಿದ್ದೂ ಆಯ್ತು. ಸೋಮವಾರ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಊಟ ಆದ ಮೇಲೆ ಗೆಳೆಯನ ಮುಂದೆ ಇಟ್ಟೆ. ಕತ್ತರಿಸಿದ ಜಾಗದ ಹಿಂಬದಿಯಲ್ಲಿ ಬಿಳೀ ನರದ ದಾರ ಇರುತ್ತೆ. ಊರಲ್ಲಿ ಚಿಕ್ಕವರಿದ್ದಾಗ ಅದನ್ನ ಎಳೆದು ತಂಗಿಯರನ್ನ ಹೆದರಿಸ್ತಿದ್ವಿ. ಎಳೆದೆ. ಬೆರಳುಗಳೆಲ್ಲ ಒಟ್ಟಿಗೆ ಮಡಚಿಕೊಂಡವು. "ನೋಡು, ಇದೇ ಡೈ. ಇದರಿಂದ ಕೈ ಎಲ್ಲಿ ಬರುತ್ತೆ?" ಅಂದೆ.

ಅವನು ದಾರ ಇಸ್ಕೊಂಡು ನಾಲ್ಕು ಸಲ ಎಳೆದ. ಆಮೇಲೆ ತನ್ನ ಬಾಲ್ ಪೆನ್ನನ್ನ ನಡುವೆ ಇಟ್ಟು ಐದನೇ ಸಲ ಎಳೆದ. ಕಾಲು ಪೆನ್ನು ಹಿಡೀತು.

"ಕೈ ಯಾಕಪ್ಪ ಬೇಕು?" ಅಂದ. "ಗಿಳಿ ಒಂದು ಕಾಲಲ್ಲಿ ನಿಂತು ಇನ್ನೊಂದರಲ್ಲಿ ಪೇರಳೆ ಹಿಡಿಯಲ್ವಾ? ಒಂದು ಕಾಲಲ್ಲಿ ನಿಂತ್ಕೊಂಡು ಲೇತ್ ಓಡಿಸ್ತಿತ್ತು ಬಿಡು. ಬಾಲ ಹೇಗೂ ಇದೆ ಅಂತೀಯ, ಬೀಳಲ್ಲ."

ಅಷ್ಟರಲ್ಲಿ ಸೈರನ್ ಆಯ್ತು.