ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಆಯುಸ್ಸು

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಲೆಕ್ಕಪತ್ರಗಳಿರುವ ಡೆಸ್ಕ್‌ಟಾಪ್‌ಗೆ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಹಾಕಿಸಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆಯಾಗಲಿ, ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಆಗಲಿ ಅದರಲ್ಲಿಲ್ಲ. ಹಾಗೆಂದು ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಆಳುಗಳ ಸಂಬಳ, ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಮತ್ತು ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ) ಮಾರಾಟದ ಲೆಕ್ಕ ಎಲ್ಲವೂ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಸಲೀಸಾಗಿ ತೆರೆದುಕೊಂಡವು. ತೊಡಕಾದದ್ದು ಕನ್ನಡದ ಹಳೆಯ ಕಡತಗಳಲ್ಲಿ: ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ‘ನುಡಿ’ ಅಕ್ಷರಶೈಲಿಯಲ್ಲಿ ಬರೆದ ಕರಾರುಪತ್ರಗಳು, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವೆ. ಅವನ್ನು ಒಂದೊಂದಾಗಿ ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. (ಅಪ್ಪನ ಕಾಲದ ಬೆಲೆಗಳನ್ನು ಓದುತ್ತಾ ಕುಳಿತರೆ ಕೆಲಸ ಸಾಗುವುದಿಲ್ಲ ಎಂಬುದು ಬೇರೆ ಮಾತು.)

ಇನ್ನು ಮುಂದಿನ ಪಿಸಿಗಳು ಹೇಗಿರಬಹುದು? ವಿಂಡೋಸ್ 11 ಹೋಮ್ ಆವೃತ್ತಿಯನ್ನು ಹೊಸದಾಗಿ ಸಜ್ಜುಗೊಳಿಸಲು ಇಂಟರ್ನೆಟ್ ಮತ್ತು ಆನ್‌ಲೈನ್ ಖಾತೆ ಎರಡೂ ಬೇಕೆನ್ನುತ್ತದೆ. ಕಡತಗಳೂ ನಿಧಾನವಾಗಿ ಮನೆಯಿಂದ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಕಂಪನಿಗಳ ಸರ್ವರ್‌ಗಳಿಗೆ, ಸರಿಯುತ್ತಿವೆ. ನಗರದವರಿಗೆ ಇದು ಅನುಕೂಲವೇ ಇರಬಹುದು. ಆದರೆ ಕಕ್ಕಡದ (ಕೊಡಗಿನ ಆಷಾಢದ) ಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಮ್ಮಂಥ ಊರಿನಲ್ಲಿ, ಯುಪಿಎಸ್ ಉಸಿರು ಹಿಡಿದಿರುವಷ್ಟು ಹೊತ್ತಾದರೂ ಸ್ವಂತ ಹಾರ್ಡ್‌ಡಿಸ್ಕ್‌ನಿಂದಲೇ ಕೆಲಸ ಮುಗಿಸಿಕೊಡುವ ಕಂಪ್ಯೂಟರ್ ಇರಲೇಬೇಕು. ಅಂಥದ್ದನ್ನು ಮುಂದೆ ಲಿನಕ್ಸ್ ಬಳಗವೇ ಹೆಚ್ಚಾಗಿ ಉಳಿಸಿಕೊಡುತ್ತದೆ ಎಂಬುದು ನನ್ನ ಅಂದಾಜು. ಪ್ರಿಂಟರ್ ಮಾತ್ರ ಇನ್ನೂ ಹಟ ಮಾಡುತ್ತಿದೆ.