ಚಕ್ಕಡಿಯ ಮುಂಭಾರ, ವಿಮಾನದ ಇಂಧನ

ಕಳೆದ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಅರ್ಧದಷ್ಟು ಆಸನಗಳು ಖಾಲಿಯಿದ್ದವು. ಮುಂದಿನ ಸಾಲುಗಳಲ್ಲಿದ್ದ ನಮ್ಮಲ್ಲಿ ಕೆಲವರನ್ನು ಗಗನಸಖಿ ಎಬ್ಬಿಸಿ ಹಿಂದೆ ಕೂರಿಸಿದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು "ಚಕ್ಕಡಿ ಮುಂಭಾರ ಆಗೇದ ನೋಡ್ರಿ" ಎಂದು ನಕ್ಕರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ: ಹತ್ತಿಯ ಅಂಡಿಗೆಗಳನ್ನು ಮುಂದಕ್ಕೆ ಹೇರಿದರೆ ಎತ್ತುಗಳ ಹೆಗಲು ನಲುಗುತ್ತದೆ, ಹಿಂದಕ್ಕೆ ಹೇರಿದರೆ ನೊಗವೇ ಮೇಲೇಳುತ್ತದೆ.

ಎಟಿಆರ್‌ನಲ್ಲಿ ಇಂಧನವೆಲ್ಲ ರೆಕ್ಕೆಗಳಲ್ಲೇ ಇರುವುದರಿಂದ, ಹಿಂದುಮುಂದಿನ ತೂಕವನ್ನು ಜನರಿಂದಲೂ ಸಾಮಾನಿನಿಂದಲೂ ಸರಿದೂಗಿಸಬೇಕು. ದೂರ ಹಾರುವ ಕೆಲವು ದೊಡ್ಡ ವಿಮಾನಗಳಾದರೋ ಇಂಧನವನ್ನೇ ಸರಿಸುತ್ತವೆ.

ವಿಮಾನದ ಗುರುತ್ವಕೇಂದ್ರವು, ಅಂದರೆ ಅದರ ತೂಕವೆಲ್ಲ ನೆಲೆಗೊಂಡಂತಿರುವ ಬಿಂದುವು, ರೆಕ್ಕೆಗಳ ಎತ್ತುಬಲದ ಕೇಂದ್ರಕ್ಕಿಂತ ತುಸು ಮುಂದಿರುವುದರಿಂದ ಮೂತಿ ಸದಾ ಕೆಳಗೆ ಬಾಗಲು ನೋಡುತ್ತದೆ. ಅದನ್ನು ತಡೆಯಲು ಬಾಲದ ಅಡ್ಡರೆಕ್ಕೆಯು ಗಾಳಿಯ ಬಲದಿಂದ ಹಿಂಭಾಗವನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಈ ಒತ್ತಡವನ್ನೂ ಮುಖ್ಯ ರೆಕ್ಕೆಗಳೇ ಹೊರಬೇಕಾದ್ದರಿಂದ ಗಾಳಿಯ ಎಳೆತ ಹೆಚ್ಚಿ, ಇಂಧನವೂ ಹೆಚ್ಚು ಉರಿಯುತ್ತದೆ. ಒತ್ತುವ ಕೆಲಸವನ್ನು ಗಾಳಿಯ ಬದಲು ತೂಕಕ್ಕೇ ಒಪ್ಪಿಸಿದರೆ ಈ ನಷ್ಟ ತಗ್ಗುತ್ತದೆ. ಏರ್‌ಬಸ್ ಎ330ರ ಬಾಲದ ಅಡ್ಡರೆಕ್ಕೆಯೊಳಗೆ ಸುಮಾರು 6,200 ಲೀಟರ್ ಹಿಡಿಯುವ ಟ್ಯಾಂಕ್ ಇದೆ. ವಿಮಾನ 25,500 ಅಡಿ ದಾಟಿದ ಮೇಲೆ ಅದರ ಕಂಪ್ಯೂಟರು ಇಂಧನವನ್ನು ಅಲ್ಲಿಗೆ ಕಳಿಸುತ್ತದೆ, ಇಳಿಯುವಾಗ 24,500 ಅಡಿಯಲ್ಲಿ ಮುಂದಕ್ಕೆ ತರುತ್ತದೆ. ಪೂರ್ತಿ ತುಂಬಿದರೂ ಅದು ಐದು ಟನ್ನಿನಷ್ಟೇ. ಆದರೆ ತಕ್ಕಡಿಯ ಉದ್ದನೆಯ ತೋಳಿನ ತುದಿಯಲ್ಲಿಟ್ಟ ಸಣ್ಣ ಕಲ್ಲಿನಂತೆ, ದೂರದಲ್ಲಿರುವುದರಿಂದಲೇ ಅದರ ಪ್ರಭಾವ ದೊಡ್ಡದು. ಹಾಗೆಂದು ಹಿಂಭಾರ ಮಿತಿಮೀರುವಂತಿಲ್ಲ, ಏಕೆಂದರೆ ಗುರುತ್ವಕೇಂದ್ರ ಹಿಂದೆ ಸರಿದಷ್ಟೂ ವಿಮಾನದ ಸ್ಥಿರತೆ ಕುಗ್ಗುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ. ಅದರಲ್ಲಿ ಇಂಧನ ಸರಿಸುವುದು ಉಳಿತಾಯದ ಉಪಾಯವಲ್ಲ, ಅನಿವಾರ್ಯವಾಗಿತ್ತು. ಶಬ್ದದ ವೇಗವನ್ನು ಮೀರುವಾಗ ಎತ್ತುಬಲದ ಕೇಂದ್ರವೇ ಸುಮಾರು ಎರಡು ಮೀಟರ್ ಹಿಂದಕ್ಕೆ ಸರಿಯುತ್ತಿತ್ತು, ಬಾಲದಲ್ಲಿ ಬೇರೆ ಅಡ್ಡರೆಕ್ಕೆಯೂ ಇರಲಿಲ್ಲ. ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನೇ ಸದಾ ಬಾಗಿಸಿಟ್ಟು ಸಮತೋಲ ಕಾಯ್ದಿದ್ದರೆ ಎಳೆತ ವಿಪರೀತವಾಗುತ್ತಿತ್ತು. ಆದ್ದರಿಂದ ಇಪ್ಪತ್ತು ಟನ್ನಿನಷ್ಟು ಇಂಧನವನ್ನು ಮುಂದಿನ ಟ್ಯಾಂಕುಗಳಿಂದ ಹಿಂದಕ್ಕೆ, ವೇಗ ತಗ್ಗಿಸುವಾಗ ಮತ್ತೆ ಮುಂದಕ್ಕೆ ಪಂಪ್ ಮಾಡುತ್ತಿದ್ದರು. ಅದನ್ನು ನೋಡಿಕೊಳ್ಳಲು ಇಬ್ಬರು ಪೈಲಟ್‌ಗಳ ಹಿಂದೆ ಫ್ಲೈಟ್ ಎಂಜಿನಿಯರ್ ಒಬ್ಬರು ಕೂತಿರುತ್ತಿದ್ದರು.