ಹಳದಿಯ ಮೇಲೆ ನೀಲಿ

ಅಕ್ಟೋಬರ್ 6, 2024, ಭಾನುವಾರ
ತೆಯೊತಿತ್ಲಾನ್ ದೆಲ್ ವಾಯೆ, ವಹಾಕಾ, ಮೆಕ್ಸಿಕೊ

ಕೈಯೆಲ್ಲ ಇನ್ನೂ ಸೋಂಪಿನ ವಾಸನೆ. ಮೂರು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ, ಹೋಗುವುದೂ ಬೇಡ. ಉಣ್ಣೆಗೆ ಗಿಡಗಳ ಬಣ್ಣ ಹಾಕುವುದನ್ನು ಇಲ್ಲಿ ಕಲಿಯುತ್ತಿದ್ದೇನೆ, ಇವತ್ತು ಹಳದಿಗಾಗಿ ಪೆರಿಕೋನ್ ಅನ್ನುವ ಹೂವು ಕುದಿಸಿದೆವು. ನಮ್ಮ ಚೆಂಡುಹೂವಿನ ಹತ್ತಿರದ ನೆಂಟ ಇದು, ಹೂವು ಮಾತ್ರ ತೀರಾ ಪುಟ್ಟದು. (ಚೆಂಡುಹೂವು ನಮ್ಮಲ್ಲಿಗೆ ಬಂದದ್ದೂ ಈ ಮೆಕ್ಸಿಕೊದಿಂದಲೇ ಅಲ್ವಾ! ದಸರಾ ಶುರುವಾಗಿದೆ, ಮನೆ ಬಾಗಿಲಿನ ತೋರಣ ನೆನಪಾಯಿತು.)

ಉಣ್ಣೆಯ ಲಡಿಗಳನ್ನು ನಿನ್ನೆಯೇ ಪಟಿಕದ ನೀರಿನಲ್ಲಿ ಕಾಯಿಸಿ ಇಟ್ಟಿದ್ದೆವು. ಪಟಿಕ ಇಲ್ಲದಿದ್ದರೆ ಹೂವಿನ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ತೊಳೆದಾಗ ಬಿಡುತ್ತದೆ. ಹೂವು ಎಷ್ಟು ಗ್ರಾಂ ಹಾಕಬೇಕು ಅಂತ ಕೇಳಿದೆ. ಕಲಿಸುವ ಅಮ್ಮ ಇಲ್ಲಿನ ಮೂಲನಿವಾಸಿಗಳಾದ ಜಪೊತೆಕ್ ಜನರ ನೇಕಾರ ಮನೆಯವರು. ಅವರು ಉತ್ತರ ಹೇಳಲಿಲ್ಲ, ಸೌಟಿನಲ್ಲಿ ಸ್ವಲ್ಪ ನೀರು ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದರು, ಆಮೇಲೆ ಇನ್ನೊಂದು ಹಿಡಿ ಹೂವು ಹಾಕಿದರು.

ಮೊದಲ ಲಡಿ ನಾನೇ ಹಾಳು ಮಾಡಿದೆ. ಕುದಿಯುವ ಹಂಡೆಯಿಂದ ತೆಗೆದವಳೇ ತಣ್ಣೀರಿಗೆ ಅದ್ದಿ ಕೈಯಿಂದ ಉಜ್ಜಿಬಿಟ್ಟೆ, ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಕಂಬಳಿ ತುಂಡಿನ ಹಾಗಾಯಿತು. ತುಂಬಾ ಬೇಜಾರಾಯಿತು. ಯಾರೋ ಕೂತು ನೂತ ನೂಲು ಅದು. ಎರಡನೆಯದನ್ನು ಹಂಡೆಯಲ್ಲೇ ತಣಿಯಲು ಬಿಟ್ಟೆವು.

ಮಧ್ಯಾಹ್ನ ನೀಲಿ. ಇಷ್ಟು ದಿನ ಹಸಿರು ಬಣ್ಣ ಯಾವುದೋ ಎಲೆಯಿಂದ ಬರುತ್ತದೆ ಅಂತಲೇ ಅಂದುಕೊಂಡಿದ್ದೆ, ಇಲ್ಲಿ ಹಳದಿ ಲಡಿಯನ್ನೇ ನೀಲಿ ಹಂಡೆಗೆ ಇಳಿಸುತ್ತಾರೆ! ನೀಲಿ ಬರುವುದು ಇದೇ ರಾಜ್ಯದ ನಿಲ್ತೆಪೆಕ್‌ನಿಂದ, ಗಿಡ ಕೊಳೆಸಿ ಮಾಡಿದ ಒಣ ಗಟ್ಟಿ. ಹಂಡೆಯೊಳಗಿನ ನೀರು ಹಳದಿ ಮಿಶ್ರಿತ ಹಸಿರಾಗಿರುತ್ತದೆ, ನೂಲು ಹೊರಗೆ ಬಂದು ಗಾಳಿ ಸೋಕಿದ ಮೇಲೇ ನೀಲಿ ಏಳುವುದು. ನಮ್ಮ ಲಡಿ ಹಗ್ಗದ ಮೇಲೆ ಕಣ್ಣೆದುರೇ ಕಡು ಹಸಿರಾಗುತ್ತಾ ಹೋಯಿತು. ಯಾರೂ ಮಾತಾಡಲಿಲ್ಲ.

ಈ ಊರಿನಲ್ಲೂ ರಾಸಾಯನಿಕ ಬಣ್ಣ ಬಳಸುವವರು ಇದ್ದಾರೆ, ಅದು ಅಗ್ಗ, ಕೆಲಸವೂ ಬೇಗ. ಅವರನ್ನು ದೂರಲಾರೆ. ಆದರೆ ಒಂದು ಹಸಿರಿಗೆ ಎರಡು ದಿನ, ಎರಡು ಗಿಡ, ಮೂರು ಹಂಡೆ ಬೇಕು ಅಂತ ಗೊತ್ತಾದ ಮೇಲೆ ಇಲ್ಲಿನ ಜಮಖಾನೆಗೆ ಚೌಕಾಸಿ ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ನಾಳೆ ಕೆಂಪು. ಪಾಪಾಸುಕಳ್ಳಿಯ ಮೇಲೆ ಕೂರುವ ಹುಳುವಿನಿಂದ. ನಿಂಬೆರಸ ಹಿಂಡಿದರೆ ಕಿತ್ತಳೆಯ ಕಡೆ ತಿರುಗುತ್ತದಂತೆ, ಸೋಡಾ ಹಾಕಿದರೆ ನೇರಳೆಯ ಕಡೆಗೆ.

ಹಸಿರು ಲಡಿ ಪೂರ್ತಿ ಒಣಗುವವರೆಗೆ ನಿಜವಾದ ಬಣ್ಣ ಗೊತ್ತಾಗುವುದಿಲ್ಲ ಅಂದಿದ್ದಾರೆ. ಆಗಲೇ ಎರಡು ಸಲ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ.